ಅರ್ಧ ಸ್ವಿಂಗ್ ಹೊಡೆದರೆ ಚೆಂಡು ಅರ್ಧ ದೂರಕ್ಕೆ ನಿಲ್ಲುವುದಿಲ್ಲ, ಯಾಕೆ?

ಪ್ರಶ್ನೆ: ನನಗೆ 51 ವರ್ಷ. ಇರುವುದು ಮೈಸೂರಿನಲ್ಲಿ. ಗಾಲ್ಫ್ ಶುರು ಮಾಡಿ ಎರಡು ವರ್ಷ ಆಯಿತು. ಬಲಗೈಯಲ್ಲಿ ಆಡುತ್ತೇನೆ. ಪಿಚಿಂಗ್ ವೆಜ್‌ನಲ್ಲಿ (ಹತ್ತಿರದ ದೂರಕ್ಕೆ ಚೆಂಡನ್ನು ಎತ್ತಿ ಹೊಡೆಯುವ ಕ್ಲಬ್) ಪೂರ್ತಿ ಸ್ವಿಂಗ್ ಹೊಡೆದರೆ ಚೆಂಡು 100 ಗಜ ಹೋಗುತ್ತದೆ. ತೊಂದರೆ ಬರುವುದು ಗ್ರೀನ್‌ಗೆ, ಅಂದರೆ ಗುಳಿ ಇರುವ ನುಣುಪು ಹುಲ್ಲಿನ ಜಾಗಕ್ಕೆ, 50 ಗಜ ಉಳಿದಾಗ. ಅರ್ಧ ಸ್ವಿಂಗ್ ಅಂದುಕೊಂಡು ಹೊಡೆದರೆ 70 ಗಜ ಹೋಗಿ ಗ್ರೀನ್‌ನ ಹಿಂದಿನ ಬಂಕರ್‌ಗೆ (ಮರಳಿನ ಹೊಂಡ) ಬೀಳುತ್ತದೆ. ಮುಂದಿನ ಸಲ ಭಯಕ್ಕೆ ಮೆಲ್ಲಗೆ ಹೊಡೆದರೆ 20 ಗಜದಲ್ಲೇ ಕೂರುತ್ತದೆ. ಅರ್ಧ ಸ್ವಿಂಗ್, ಮುಕ್ಕಾಲು ಸ್ವಿಂಗ್ ಅಂದರೆ ಸರಿಯಾಗಿ ಎಲ್ಲಿಯವರೆಗೆ? ಪೂರ್ತಿ ಸ್ವಿಂಗ್‌ನಲ್ಲಿ ಕ್ಲಬ್ ನಮ್ಮ ತಲೆಯ ಹಿಂದೆ ನೆಲಕ್ಕೆ ಸಮಾನಾಂತರ ಆಗಲೇಬೇಕಾ? ನನ್ನ ಭುಜ ಅಷ್ಟು ತಿರುಗುವುದಿಲ್ಲ.

ಉತ್ತರ: ಮೊದಲು ಆ 70 ಗಜದ ಹೊಡೆತದ ಬಗ್ಗೆ ಹೇಳುತ್ತೇನೆ. ಅದು ತಪ್ಪು ಹೊಡೆತವೇ ಅಲ್ಲ. ಪೂರ್ತಿ ಸ್ವಿಂಗ್‌ಗೆ 100 ಗಜ ಹೋಗುವ ವೆಜ್‌ನಲ್ಲಿ ಸರಿಯಾದ ಅರ್ಧ ಸ್ವಿಂಗ್ ಹೊಡೆದರೆ ಚೆಂಡು ಹೋಗಬೇಕಾದ್ದೇ ಸುಮಾರು 70 ಗಜ. ನೀವು ಚೆನ್ನಾಗಿಯೇ ಹೊಡೆದಿದ್ದೀರಿ. ತಪ್ಪಿದ್ದು ಲೆಕ್ಕ. ಆ ಒಳ್ಳೆಯ ಹೊಡೆತ ಬಂಕರ್‌ಗೆ ಬಿತ್ತು ಅಂತ ಹೆದರಿ, ಮುಂದಿನ ಸಲ ಕೈ ಹಿಡಿದಿರಿ. ನಿಜವಾದ ತಪ್ಪು ಆದದ್ದು ಅಲ್ಲಿ.

ಲೆಕ್ಕ ಯಾಕೆ ತಪ್ಪುತ್ತದೆ ಅಂತ ನೋಡೋಣ. ನಿಮ್ಮ ಎದುರಿಗೆ ಒಬ್ಬರು ನಿಂತು ನೋಡುತ್ತಿದ್ದಾರೆ ಅಂದುಕೊಳ್ಳಿ. ನಿಮ್ಮ ಬೆನ್ನ ಹಿಂದೆ ಒಂದು ದೊಡ್ಡ ಗೋಡೆ ಗಡಿಯಾರ ಇದೆ. ತಲೆ 12ರಲ್ಲಿ, ಚೆಂಡು 6ರಲ್ಲಿ. ಹೊಡೆಯಲು ನಿಂತಾಗ ಎಡತೋಳು 6ರ ಕಡೆ ಇಳಿಬಿದ್ದಿರುತ್ತದೆ. ಕ್ಲಬ್ ಹಿಂದಕ್ಕೆ ಹೋದಂತೆ ತೋಳು 7, 8, 9 ಅಂತ ಏರುತ್ತದೆ. ಎಡತೋಳು ನೆಲಕ್ಕೆ ಸಮಾನಾಂತರವಾದರೆ 9 ಗಂಟೆ. ಹೆಚ್ಚಿನ ಕೋಚ್‌ಗಳು ಅರ್ಧ ಸ್ವಿಂಗ್ ಅನ್ನುವುದು ಇದಕ್ಕೇ.

ಇದು ತೋಳಿನ ಗಡಿಯಾರ. ಚೆಂಡಿಗೆ ತಾಗುವುದು ಕ್ಲಬ್‌ನ ತುದಿಯ ಭಾಗ, ಕ್ಲಬ್ ಹೆಡ್ ಅಲ್ವಾ? ಅದರ ಗಡಿಯಾರವೇ ಬೇರೆ. ತೋಳು 9ಕ್ಕೆ ಬರುವಷ್ಟರಲ್ಲಿ ಮಣಿಕಟ್ಟು ಮಡಚಿ, ಶಾಫ್ಟ್ (ಕ್ಲಬ್‌ನ ಕೋಲು) ಆಕಾಶಕ್ಕೆ ನೆಟ್ಟಗೆ ನಿಂತಿರುತ್ತದೆ. ಅಂದರೆ ತೋಳು ಹೋಗಿರುವುದು ಕಾಲು ಸುತ್ತು, 90 ಡಿಗ್ರಿ. ಕ್ಲಬ್ ಹೆಡ್ 6ರಿಂದ ಹೊರಟು 12ಕ್ಕೆ ಬಂದಿದೆ. ಅರ್ಧ ಸುತ್ತು, 180 ಡಿಗ್ರಿ. ಪೂರ್ತಿ ಸ್ವಿಂಗ್‌ನಲ್ಲಿ ಶಾಫ್ಟ್ ತಲೆ ಹಿಂದೆ ಅಡ್ಡಲಾಗಿ ಬಂದರೆ ಕ್ಲಬ್ ಹೆಡ್ ಮುಕ್ಕಾಲು ಸುತ್ತು ಹೋದ ಹಾಗೆ, 270 ಡಿಗ್ರಿ. 270ರಲ್ಲಿ 180 ಅಂದರೆ ಮೂರರಲ್ಲಿ ಎರಡು ಪಾಲು. ಕೈ ಅರ್ಧಕ್ಕೆ ನಿಂತಿತು ಅಂತ ನಿಮಗೆ ಅನ್ನಿಸುತ್ತದೆ. ಕ್ಲಬ್ ಹೆಡ್ ಮಾತ್ರ ಆಗಲೇ ಹೆಚ್ಚಿನ ದಾರಿ ಮುಗಿಸಿರುತ್ತದೆ.

ಜೊತೆಗೆ, 9 ಗಂಟೆಗೆ ಬರುವಷ್ಟರಲ್ಲಿ ಮಣಿಕಟ್ಟು ಪೂರ್ತಿ ಮಡಚಿ ಆಗಿದೆ. ಚೆಂಡಿನ ಹತ್ತಿರ ಕ್ಲಬ್‌ಗೆ ವೇಗ ಬರುವುದು ಈ ಮಡಿಕೆ ಬಿಚ್ಚಿಕೊಳ್ಳುವುದರಿಂದ, ಚಾಟಿಯ ತುದಿಗೆ ವೇಗ ಬರುತ್ತದಲ್ಲ, ಹಾಗೆ. 9 ಗಂಟೆಯ ನಂತರ ತೋಳು ಮೇಲಕ್ಕೆ ಹೋದಷ್ಟೂ ವೇಗ ಸೇರುತ್ತದೆ ನಿಜ, ಆದರೆ ಸೇರುವುದು ಕಡಿಮೆ. ಹಾಗಾಗಿ ಪೂರ್ತಿ ಸ್ವಿಂಗ್‌ಗೂ ಅರ್ಧ ಸ್ವಿಂಗ್‌ಗೂ ನಡುವೆ 50 ಗಜದ ಅಂತರ ಸಿಗುವುದಿಲ್ಲ. 25ರಿಂದ 30 ಗಜ ಸಿಗುತ್ತದೆ.

ಇಲ್ಲೇ ಇನ್ನೊಂದು ವಿಷಯ ಹೇಳಿಬಿಡಬೇಕು, ಯಾಕೆಂದರೆ ನಿಮ್ಮ ಹೊಡೆತ 70 ಮತ್ತು 20ರ ನಡುವೆ ಓಲಾಡುವುದಕ್ಕೆ ಇದೂ ಒಂದು ಕಾರಣ ಇರಬಹುದು. ತೋಳು 9ರಲ್ಲೇ ಇದ್ದರೂ ಮಣಿಕಟ್ಟು ಒಂದು ಸಲ ಮಡಚಿ, ಇನ್ನೊಂದು ಸಲ ಮಡಚದೇ ಹೋದರೆ? ಮಡಚದೆ ಕೋಲಿನ ಹಾಗೆ ಬಿಗಿ ಹಿಡಿದರೆ ಕ್ಲಬ್ ಹೆಡ್ ಕೂಡ 9ರ ಸುತ್ತಲೇ ಉಳಿಯುತ್ತದೆ. ಅದು ಬೇರೆಯೇ ಹೊಡೆತ. ಹೊರಗಿನಿಂದ ನೋಡಿದವರಿಗೆ ಎರಡೂ ಅರ್ಧ ಸ್ವಿಂಗೇ. ಬ್ಯಾಡ್ಮಿಂಟನ್ ಆಡಿ ಬಂದವರ ಮಣಿಕಟ್ಟು ತಾನಾಗಿಯೇ ಮಡಚುತ್ತದೆ. ಕ್ರಿಕೆಟ್ ಆಡಿ ಬಂದವರಲ್ಲಿ ಕೆಲವರು ಡಿಫೆನ್ಸ್ ಆಡಿದ ಹಾಗೆ ಕೈ ಬಿಗಿ ಹಿಡಿದು ತಳ್ಳುತ್ತಾರೆ. ಹೆದರಿದಾಗ ಎಲ್ಲರ ಮಣಿಕಟ್ಟೂ ಬಿಗಿಯುತ್ತದೆ. ಆದ್ದರಿಂದ ಮೊದಲ ನಿಯಮ ಇದು: ಜೇಬಿನ ಮಟ್ಟಕ್ಕಿಂತ ಮೇಲೆ ಹೋಗುವ ಯಾವ ಸ್ವಿಂಗ್‌ನಲ್ಲೂ ಮಣಿಕಟ್ಟು ಪ್ರತಿ ಸಲ ಒಂದೇ ಥರ ಮಡಚಬೇಕು. ಹಿಡಿತ ಸಡಿಲ ಇದ್ದರೆ ಕ್ಲಬ್‌ನ ಭಾರವೇ ಅದನ್ನು ಮಡಚುತ್ತದೆ. ನೀವು ಸುಮ್ನೆ ಬಿಟ್ಟರೆ ಸಾಕು.

ಈಗ 20 ಗಜದ ಹೊಡೆತಕ್ಕೆ ಬರೋಣ. ನೀವು ಬರೆದದ್ದು ನೋಡಿದರೆ ಅಲ್ಲಿ ಸ್ವಿಂಗ್ ಚಿಕ್ಕದಾಗಿಲ್ಲ. ಕ್ಲಬ್ ಅಷ್ಟೇ ಹಿಂದಕ್ಕೆ ಹೋಗಿ, ಕೆಳಗೆ ಬರುವಾಗ ನಿಧಾನವಾಗಿದೆ. ಹಿಂದಕ್ಕೆ ಹೋಗುವಾಗ 70 ಗಜದ ಸ್ವಿಂಗ್, ಮುಂದಕ್ಕೆ ಬರುವಾಗ ಭಯ. ಹಾಗೆ ತಡೆದಾಗ ಕ್ಲಬ್ ಚೆಂಡಿಗಿಂತ ಮೊದಲೇ ನೆಲಕ್ಕೆ ತಾಗುತ್ತದೆ, ಇಲ್ಲವೇ ಚೆಂಡಿನ ನಡುವಿಗೆ ತಾಗಿ ಚೆಂಡು ನೆಲಕ್ಕಂಟಿ ಓಡುತ್ತದೆ. ಎರಡೂ ಒಂದೇ ಕಾಯಿಲೆ.

ಮಕ್ಕಳನ್ನು ಜೋಕಾಲಿಯಲ್ಲಿ ತೂಗುವುದನ್ನು ನೆನಪಿಸಿಕೊಳ್ಳಿ. ಸ್ವಲ್ಪ ಹಿಂದಕ್ಕೆ ಎಳೆದು ಬಿಟ್ಟರೆ ಜೋಕಾಲಿ ಸ್ವಲ್ಪ ದೂರ ಹೋಗಿ ಬರುತ್ತದೆ. ಜಾಸ್ತಿ ಎಳೆದು ಬಿಟ್ಟರೆ ಜಾಸ್ತಿ ದೂರ. ಹೋಗಿ ಬರಲು ಹಿಡಿಯುವ ಸಮಯ ಮಾತ್ರ ಹೆಚ್ಚುಕಡಿಮೆ ಒಂದೇ. ದೊಡ್ಡ ಜೀಕಿನಲ್ಲಿ ವೇಗ ತಾನಾಗಿಯೇ ಜಾಸ್ತಿ, ಚಿಕ್ಕದರಲ್ಲಿ ತಾನಾಗಿಯೇ ಕಡಿಮೆ. ನಡುವೆ ಯಾರೂ ಹಗ್ಗ ಹಿಡಿದು ನಿಲ್ಲಿಸುವುದಿಲ್ಲ. ವೆಜ್ ಹೊಡೆತವೂ ಹಾಗೆಯೇ ಇರಬೇಕು. ಎಷ್ಟು ದೂರ ಅನ್ನುವುದನ್ನು ಕ್ಲಬ್ ಹಿಂದಕ್ಕೆ ಒಯ್ಯುವಾಗಲೇ ತೀರ್ಮಾನಿಸಿಬಿಡಿ. ಕೆಳಗೆ ಬರುವಾಗ ತೀರ್ಮಾನ ಮಾಡಲು ಸಮಯವೇ ಇಲ್ಲ. ಒಳ್ಳೆಯ ಆಟಗಾರರ ಪೂರ್ತಿ ಸ್ವಿಂಗ್‌ನಲ್ಲಿ ಕ್ಲಬ್ ಮೇಲಕ್ಕೆ ಹೋಗಲು ಸುಮಾರು ಮುಕ್ಕಾಲು ಸೆಕೆಂಡು, ಚೆಂಡಿಗೆ ಬರಲು ಸುಮಾರು ಕಾಲು ಸೆಕೆಂಡು ಹಿಡಿಯುತ್ತದೆ. ಆ ಕಾಲು ಸೆಕೆಂಡಿನಲ್ಲಿ ‘ಜಾಸ್ತಿ ಆಯ್ತೇನೋ’ ಅಂತ ಯೋಚನೆ ಬಂದರೆ ಹೊಡೆತ ಕೆಟ್ಟಿತು ಅಂತಲೇ ಅರ್ಥ.

ಇನ್ನು ನೀವು ಕೇಳಿದ ‘ಎಲ್ಲಿಯವರೆಗೆ’. ವೆಜ್ ಹೊಡೆತವನ್ನು ಗಡಿಯಾರದ ಲೆಕ್ಕಕ್ಕೆ ತಂದು ಜನಪ್ರಿಯ ಮಾಡಿದವರಲ್ಲಿ ಅಮೆರಿಕದ ಡೇವ್ ಪೆಲ್ಜ್ ಮುಖ್ಯರು. ಅವರು ಮೊದಲು ನಾಸಾದಲ್ಲಿ ವಿಜ್ಞಾನಿ ಆಗಿದ್ದರು. ಆಮೇಲೆ ಗಾಲ್ಫ್ ಕಲಿಸಲು ಬಂದರು, ಫಿಲ್ ಮಿಕಲ್‌ಸನ್ ಅವರಂಥ ಹೆಸರಾಂತ ಆಟಗಾರರಿಗೂ ಹೇಳಿಕೊಟ್ಟರು. ಅವರ ಲೆಕ್ಕ ಸರಳ. ಎಡತೋಳಿಗೆ ಮೂರು ಜಾಗ: ಏಳೂವರೆ, ಒಂಬತ್ತು, ಹತ್ತೂವರೆ. ಚೀಲದಲ್ಲಿ ನಾಲ್ಕು ವೆಜ್. ಮೂರು ನಾಲ್ಕಲಿ ಹನ್ನೆರಡು ದೂರ.

ನಾನು ಹೇಳಿಕೊಡುವಾಗ ಗಂಟೆಗಿಂತ ಮೈಯ ಗುರುತುಗಳನ್ನೇ ಬಳಸುತ್ತೇನೆ. ಆಟದ ನಡುವೆ ಗಡಿಯಾರ ನೆನಪಾಗುವುದು ಕಷ್ಟ, ಜೇಬು ಎಲ್ಲಿದೆ ಅಂತ ಯಾರಿಗೂ ಮರೆಯುವುದಿಲ್ಲ. ಕೈಗಳು ಪ್ಯಾಂಟಿನ ಜೇಬಿನಿಂದ ಸೊಂಟದ ಮಟ್ಟಕ್ಕೆ ಬಂದರೆ ಅದು ಏಳೂವರೆ. ಆಗ ಮಣಿಕಟ್ಟು ಅರ್ಧ ಮಡಚಿದ್ದು, ಶಾಫ್ಟ್ ನೆಲಕ್ಕೆ ಸಮಾನಾಂತರವಾಗಿರುತ್ತದೆ. ಕೈಗಳು ಎದೆಯ ಮಟ್ಟಕ್ಕೆ ಬಂದು ಎಡತೋಳು ಅಡ್ಡಲಾದರೆ ಒಂಬತ್ತು. ಕೈಗಳು ಭುಜ ದಾಟಿ ಕಿವಿಯ ಹತ್ತಿರ ಬಂದರೆ ಹತ್ತೂವರೆ. ನೀವು ಕೇಳಿದ ಮುಕ್ಕಾಲು ಸ್ವಿಂಗ್ ಇದು. ಜೇಬು, ಎದೆ, ಕಿವಿ. ಇಷ್ಟು ನೆನಪಿದ್ದರೆ ಸಾಕು.

ಕನ್ನಡಿ ಮುಂದೆ ಅಭ್ಯಾಸ ಮಾಡುವುದಾದರೆ ಒಂದು ಎಚ್ಚರ. ಎದುರಿಗೆ ನಿಂತವರಿಗೆ 9ರ ಕಡೆ ಕಾಣುವ ತೋಳು ಕನ್ನಡಿಯಲ್ಲಿ ನಿಮಗೆ 3ರ ಕಡೆ ಕಾಣುತ್ತದೆ. ಇದರಿಂದ ಗೊಂದಲ ಆದವರು ತುಂಬಾ ಜನ. ಫೋನನ್ನು ಎದೆಯ ಎತ್ತರಕ್ಕೆ ನೇರ ಎದುರಿಗೆ ಇಟ್ಟು, ಹಿಂದಿನ ಕ್ಯಾಮೆರಾದಲ್ಲಿ ಸ್ಲೋ ಮೋಷನ್ ತೆಗೆಯಿರಿ. ಅದೇ ಒಳ್ಳೆಯದು.

ವಿಡಿಯೋ ತೆಗೆಯಲೇಬೇಕು ಅಂತ ಒತ್ತಿ ಹೇಳುವುದಕ್ಕೆ ಕಾರಣ ಇದೆ. ಕೈಗೆ ಅನ್ನಿಸುವುದಕ್ಕೂ ನಿಜವಾಗಿ ಆಗುವುದಕ್ಕೂ ಗಾಲ್ಫ್‌ನಲ್ಲಿ ಅಜಗಜಾಂತರ. ‘9ಕ್ಕೆ ನಿಲ್ಲಿಸಿ’ ಅಂದರೆ ನನ್ನ ಹತ್ತಿರ ಬರುವ ಹೆಚ್ಚಿನವರ ತೋಳು ಹತ್ತರ ಹತ್ತಿರ ಹೋಗಿ ನಿಲ್ಲುತ್ತದೆ. ನಾನು ವಿಡಿಯೋ ತೋರಿಸಿದರೆ ‘ಇದು ನಾನೇನಾ’ ಅಂತ ಕೇಳುತ್ತಾರೆ. ಇದು ಗಮನ ಇಲ್ಲದ್ದರಿಂದ ಆಗುವುದಲ್ಲ. ಓಡುತ್ತಿರುವ ಕ್ಲಬ್ ಹೆಡ್‌ಗೆ ತನ್ನದೇ ಭಾರ ಇದೆ. ನೀವು ನಿಲ್ಲಿಸಬೇಕು ಅಂದುಕೊಂಡ ಮೇಲೂ ಅದು ಕೈಯನ್ನು ಸ್ವಲ್ಪ ಎಳೆದೊಯ್ಯುತ್ತದೆ. ಹಾಗಾಗಿ 9ಕ್ಕೆ ನಿಲ್ಲಬೇಕಾದರೆ ಮನಸ್ಸಿನಲ್ಲಿ 8 ಅಂದುಕೊಳ್ಳಬೇಕು. ಜೇಬಿನ ಹೊಡೆತ ಬೇಕಾದರೆ ತೊಡೆಯವರೆಗೆ ಮಾತ್ರ ಅಂತ ಅನ್ನಿಸಬೇಕು. ಎಷ್ಟು ಕಡಿಮೆ ಅಂದುಕೊಳ್ಳಬೇಕು ಅನ್ನುವುದು ಒಬ್ಬೊಬ್ಬರಿಗೆ ಒಂದೊಂದು ಥರ. ನಿಮ್ಮದು ಎಷ್ಟು ಅಂತ ಹತ್ತು ಹೊಡೆತದ ವಿಡಿಯೋ ನೋಡಿದರೆ ಗೊತ್ತಾಗುತ್ತದೆ.

ಹಿಂದಕ್ಕೆ ಎಷ್ಟು ಅನ್ನುವುದರ ಬಗ್ಗೆಯೇ ಎಲ್ಲರೂ ಮಾತಾಡುತ್ತಾರೆ. ಮುಂದಕ್ಕೆ ಎಷ್ಟು ಅನ್ನುವುದೂ ಅಷ್ಟೇ ಮುಖ್ಯ. ಚೆಂಡು ಹೊಡೆದ ಮೇಲೆ ಕ್ಲಬ್ ಮುಂದಕ್ಕೆ ಹೋಗುವ ಉದ್ದ ಹಿಂದಕ್ಕೆ ಹೋದಷ್ಟಾದರೂ ಇರಬೇಕು. ಅದಕ್ಕಿಂತ ಸ್ವಲ್ಪ ಜಾಸ್ತಿ ಇದ್ದರೆ ಇನ್ನೂ ಒಳ್ಳೆಯದು. ಎದೆಯಿಂದ ಹೊರಟ ಹೊಡೆತ ಆಚೆ ಬದಿ ಎದೆಯ ಮಟ್ಟಕ್ಕೆ ಬಂದು ನಿಲ್ಲಲಿ. ನಿಂತಾಗ ನಿಮ್ಮ ಎದೆಯೂ ಹೊಕ್ಕುಳೂ ಗುರಿಯ ಕಡೆ ತಿರುಗಿರಲಿ. ಚಿಕ್ಕ ಹೊಡೆತ ಅಂತ ಕಾಲು, ಸೊಂಟ ಎಲ್ಲ ನೆಟ್ಟು ಬರೀ ಕೈಯಲ್ಲಿ ಹೊಡೆಯುವವರು ಬಹಳ. ಮೈ ತಿರುಗದಿದ್ದರೆ ಕೈಯೇ ಎಲ್ಲ ಮಾಡಬೇಕಾಗುತ್ತದೆ, ಕೈ ಪ್ರತಿ ಸಲ ಒಂದೇ ಥರ ಮಾಡುವುದಿಲ್ಲ. ಕಾಲುಗಳ ನಡುವೆ ಒಂದು ಪಾದದಷ್ಟು ಜಾಗ ಸಾಕು. ಭಾರ ಸ್ವಲ್ಪ ಎಡಗಾಲಿನ ಮೇಲೆ ಜಾಸ್ತಿ ಇರಲಿ, ಕೊನೆಯವರೆಗೂ ಅಲ್ಲೇ ಇರಲಿ.

ಪೂರ್ತಿ ಸ್ವಿಂಗ್ ಬಗ್ಗೆ ನಿಮಗಿರುವ ಚಿಂತೆ ಬಿಡಿ. ಕ್ಲಬ್ ತಲೆ ಹಿಂದೆ ಅಡ್ಡಲಾಗಲೇಬೇಕು ಅಂತ ಯಾವ ನಿಯಮವೂ ಇಲ್ಲ. ಸ್ಪೇನಿನ ಜಾನ್ ರಾಮ್ ಅವರನ್ನು ನೋಡಿ. ಹುಟ್ಟುವಾಗಲೇ ಅವರ ಬಲಗಾಲಿನ ಪಾದ ಒಳಕ್ಕೆ ತಿರುಚಿಕೊಂಡಿತ್ತು. ಅದಕ್ಕೆ ಚಿಕಿತ್ಸೆ ಆಯಿತು, ಆದರೂ ಆ ಕಾಲಿನ ಕೀಲು ಉಳಿದವರಷ್ಟು ಬಾಗುವುದಿಲ್ಲ. ತಮ್ಮ ಬ್ಯಾಕ್‌ಸ್ವಿಂಗ್ (ಕ್ಲಬ್ ಹಿಂದಕ್ಕೆ ಒಯ್ಯುವುದು) ಚಿಕ್ಕದಾಗಿರುವುದಕ್ಕೆ ಅದೇ ಕಾರಣ ಅಂತ ಅವರೇ ಹೇಳಿದ್ದಾರೆ. ಕ್ಲಬ್ ಅಡ್ಡಲಾಗುವುದಕ್ಕೆ ಎಷ್ಟೋ ಮೊದಲೇ ಅವರು ಕೆಳಗೆ ಬರಲು ಶುರು ಮಾಡುತ್ತಾರೆ. ಅದೇ ಸ್ವಿಂಗ್‌ನಲ್ಲಿ 2021ರ ಯು.ಎಸ್. ಓಪನ್ ಗೆದ್ದರು, 2023ರ ಮಾಸ್ಟರ್ಸ್ ಗೆದ್ದರು. ಇನ್ನೊಂದು ಕಡೆ ಅಮೆರಿಕದ ಜಾನ್ ಡೇಲಿ ಇದ್ದಾರೆ. ಅವರ ಕ್ಲಬ್ ಅಡ್ಡಗೆರೆ ದಾಟಿ ನೆಲದ ಕಡೆ ಇಳಿಯುತ್ತಿತ್ತು. ಅವರೂ ಎರಡು ಮೇಜರ್ (ಗಾಲ್ಫ್‌ನ ನಾಲ್ಕು ಅತಿ ದೊಡ್ಡ ಟೂರ್ನಿಗಳಿಗೆ ಹೀಗನ್ನುತ್ತಾರೆ) ಗೆದ್ದವರೇ.

ಹಾಗಾದರೆ ಪೂರ್ತಿ ಅಂದರೇನು? ನಿಮ್ಮ ಭುಜ ಎಷ್ಟು ತಿರುಗುತ್ತದೋ ಅಷ್ಟು. ಮನೆಯಲ್ಲೇ ನೋಡಬಹುದು. ಕ್ಲಬ್ ಒಂದನ್ನು ಎದೆಯ ಮೇಲೆ ಅಡ್ಡ ಇಟ್ಟು, ಎರಡೂ ಕೈ ಕತ್ತರಿ ಹಾಕಿ ಹಿಡಿಯಿರಿ. ಚೆಂಡು ಹೊಡೆಯುವ ಹಾಗೆ ಸ್ವಲ್ಪ ಬಾಗಿ ನಿಂತು ಬಲಕ್ಕೆ ತಿರುಗಿ. ತಲೆ ಪಕ್ಕಕ್ಕೆ ಜಾರದೆ, ಬಲಮೊಣಕಾಲು ಸೆಟೆಯದೆ ಎಲ್ಲಿಯವರೆಗೆ ತಿರುಗಲು ಆಗುತ್ತದೋ ಅದೇ ನಿಮ್ಮ ಪೂರ್ತಿ. ಅಲ್ಲಿಂದ ಮುಂದೆ ಕ್ಲಬ್ ಹೋಗಬೇಕಾದರೆ ಎಡಮೊಣಕೈ ಬಾಗಬೇಕು, ಇಲ್ಲವೇ ಹಿಡಿತ ಬಿಚ್ಚಬೇಕು. ಆ ಉದ್ದದಿಂದ ಲಾಭ ಇಲ್ಲ, ನಷ್ಟವೇ ಜಾಸ್ತಿ. ಎಲ್ಲಕ್ಕಿಂತ ದೂರ ಹೊಡೆಯುವ ಕ್ಲಬ್ ಆದ ಡ್ರೈವರ್ ಹೊಡೆಯುವಾಗ ಇನ್ನೂ ಸ್ವಲ್ಪ ತಿರುಗಬೇಕು ಅನ್ನಿಸಿದರೆ ಎಡ ಹಿಮ್ಮಡಿ ನೆಲ ಬಿಟ್ಟು ಏಳಲಿ ಬಿಡಿ. 18 ಮೇಜರ್ ಗೆದ್ದ ಜಾಕ್ ನಿಕ್ಲಸ್ ಅವರ ಹಿಮ್ಮಡಿ ಪ್ರತಿ ದೊಡ್ಡ ಹೊಡೆತಕ್ಕೂ ಏಳುತ್ತಿತ್ತು. ಭುಜದಲ್ಲಿ ನೋವು ಇದ್ದರೆ ಮಾತ್ರ ಮೊದಲು ಫಿಸಿಯೋಗೆ ತೋರಿಸಿ. ಬಿಗಿತ ಬೇರೆ, ನೋವು ಬೇರೆ.

ವೆಜ್‌ನಲ್ಲಂತೂ ನಿಮ್ಮ ಪೂರ್ತಿ ಉದ್ದವನ್ನು ಆಗಾಗ ಬಳಸಲೇಬೇಡಿ ಅನ್ನುತ್ತೇನೆ. ವೆಜ್ ಇರುವುದು ದೂರಕ್ಕಲ್ಲ, ಬೇಕಾದ ಜಾಗಕ್ಕೆ ಬೀಳಿಸಲು. ಪೂರ್ತಿ ಬಲ ಹಾಕಿದರೆ ಚೆಂಡು ಬಹಳ ಎತ್ತರಕ್ಕೆ ಹೋಗುತ್ತದೆ, ತನ್ನ ಸುತ್ತಲೇ ಜಾಸ್ತಿ ತಿರುಗುತ್ತದೆ, ಎದುರುಗಾಳಿ ಇದ್ದರೆ ಅಲ್ಲೇ ತೇಲಿ ಬೀಳುತ್ತದೆ. 100 ಗಜ ಇದ್ದಾಗ ಪಿಚಿಂಗ್ ವೆಜ್ ಅನ್ನು ಬಲವಂತವಾಗಿ ಬೀಸುವ ಬದಲು, ಅದಕ್ಕಿಂತ ಸ್ವಲ್ಪ ದೂರ ಹೊಡೆಯುವ 9 ಐರನ್ ತೆಗೆದು ಕಿವಿಯವರೆಗೆ ಒಯ್ದು ನೋಡಿ. ಹೊಡೆತ ಎಷ್ಟು ಶಾಂತವಾಗಿ ಬರುತ್ತದೆ ಅಂತ ನಿಮಗೇ ಆಶ್ಚರ್ಯ ಆಗುತ್ತದೆ.

ಈಗ ನಿಮ್ಮದೇ ಪಟ್ಟಿ ಮಾಡಿಕೊಳ್ಳಬೇಕು. ಇದಕ್ಕೆ ಒಂದು ಬೆಳಿಗ್ಗೆ ಪೂರ್ತಿ ಬೇಕು. ಗಾಳಿ ಇಲ್ಲದ ದಿನ ನೋಡಿಕೊಳ್ಳಿ. ನೀವು ಆಡುವಾಗ ಬಳಸುವ ಚೆಂಡುಗಳನ್ನೇ ತೆಗೆದುಕೊಂಡು ಹೋಗಿ. ಹುಲ್ಲಿನ ಮೇಲಿಂದ ಹೊಡೆಯಿರಿ. ಒಬ್ಬ ಗೆಳೆಯರನ್ನೋ ಕ್ಯಾಡಿಯನ್ನೋ ದೂರದಲ್ಲಿ ಬದಿಗೆ, ಚೆಂಡು ತಾಗದ ಜಾಗದಲ್ಲಿ ನಿಲ್ಲಿಸಿ. ಚೆಂಡು ಮೊದಲು ನೆಲಕ್ಕೆ ಬಿದ್ದ ಜಾಗವನ್ನು ಅವರು ನೋಡಿಕೊಳ್ಳಬೇಕು. ಉರುಳಿ ನಿಂತ ಜಾಗ ಈಗ ಬೇಡ. ಉರುಳುವುದು ದಿನದಿಂದ ದಿನಕ್ಕೆ ಬದಲಾಗುತ್ತದೆ, ಬೀಳುವ ಜಾಗ ಅಷ್ಟು ಬದಲಾಗುವುದಿಲ್ಲ. ಪಿಚಿಂಗ್ ವೆಜ್‌ನಲ್ಲಿ ಜೇಬಿನ ಸ್ವಿಂಗ್ ಹತ್ತು. ಅದರಲ್ಲಿ ತುಂಬಾ ದೂರ ಹೋದ ಎರಡು, ತುಂಬಾ ಹತ್ತಿರ ಬಿದ್ದ ಎರಡು ಬಿಟ್ಟುಬಿಡಿ. ಉಳಿದ ಆರರ ಸರಾಸರಿ ಬರೆದುಕೊಳ್ಳಿ. ಆಮೇಲೆ ಎದೆಯದು ಹತ್ತು, ಕಿವಿಯದು ಹತ್ತು. ಚೆಂಡನ್ನು ಇನ್ನೂ ಎತ್ತರಕ್ಕೆ, ಇನ್ನೂ ಕಡಿಮೆ ದೂರಕ್ಕೆ ಹೊಡೆಯುವ ಸ್ಯಾಂಡ್ ವೆಜ್‌ಗೂ ಹೀಗೇ. ಒಟ್ಟು 60 ಚೆಂಡು. ನಡುನಡುವೆ ಕೂತು ನೀರು ಕುಡಿದು ಹೊಡೆಯಿರಿ. ಸುಸ್ತಾದ ಕೈ ಕೊಡುವ ಲೆಕ್ಕ ನಂಬಬಾರದು.

ಬೇರೆಯವರ ಪಟ್ಟಿಯನ್ನು ನಿಮ್ಮದು ಅಂದುಕೊಳ್ಳಬೇಡಿ. ಆದರೂ ಒಂದು ಅಂದಾಜಿಗೆ ಹೇಳುತ್ತೇನೆ. ಪೂರ್ತಿಗೆ 100 ಗಜ ಹೋಗುವ ಪಿಚಿಂಗ್ ವೆಜ್‌ನಲ್ಲಿ ಕಿವಿಯ ಹೊಡೆತ 88ರಿಂದ 92 ಗಜ, ಎದೆಯದು 70ರಿಂದ 75, ಜೇಬಿನದು 45ರಿಂದ 50 ಬರಬಹುದು. ಸ್ಯಾಂಡ್ ವೆಜ್ ಪೂರ್ತಿಗೆ 75 ಹೋಗುವುದಾದರೆ ಎದೆಯದು ಸುಮಾರು 52, ಜೇಬಿನದು ಸುಮಾರು 35. ನಡುವಿನ ದೂರ ಬೇಕಾದರೆ ಸ್ವಿಂಗ್ ಉದ್ದ ಬದಲಿಸಬೇಡಿ. ಹಿಡಿಕೆಯಲ್ಲಿ ಕೈಯನ್ನು ಒಂದು ಇಂಚು ಕೆಳಗೆ ಇಳಿಸಿ ಹಿಡಿಯಿರಿ. ಅದೇ ಸ್ವಿಂಗ್‌ಗೆ ಕೆಲವು ಗಜ ಕಡಿಮೆಯಾಗುತ್ತದೆ.

ಈಗ ನಿಮ್ಮ 50 ಗಜಕ್ಕೆ ವಾಪಸ್ ಬನ್ನಿ. ಉತ್ತರ ಒಂದಲ್ಲ, ಎರಡು ಸಿಗುತ್ತವೆ. ಪಿಚಿಂಗ್ ವೆಜ್‌ನಲ್ಲಿ ಜೇಬಿನ ಹೊಡೆತ, ಇಲ್ಲವೇ ಸ್ಯಾಂಡ್ ವೆಜ್‌ನಲ್ಲಿ ಎದೆಯ ಹೊಡೆತ. ದೂರ ಹೆಚ್ಚುಕಡಿಮೆ ಒಂದೇ, ಚೆಂಡಿನ ಸ್ವಭಾವ ಬೇರೆ. ಮೊದಲನೆಯದು ತಗ್ಗಾಗಿ ಹೋಗಿ, ಬಿದ್ದು, ಮುಂದಕ್ಕೆ ಓಡುತ್ತದೆ. ಎರಡನೆಯದು ಎತ್ತರಕ್ಕೆ ಹೋಗಿ, ಮೆತ್ತಗೆ ಬಿದ್ದು, ಬೇಗ ನಿಲ್ಲುತ್ತದೆ. ಬಾವುಟ ಗ್ರೀನ್‌ನ ಹಿಂದಿನ ಭಾಗದಲ್ಲಿದ್ದು ಮುಂದೆ ಬಂಕರ್ ಇಲ್ಲದಿದ್ದರೆ ನಾನು ಯಾವಾಗಲೂ ಮೊದಲನೆಯದನ್ನೇ ಹೊಡೆಯುತ್ತೇನೆ. ಚಿಕ್ಕ ಸ್ವಿಂಗ್‌ನಲ್ಲಿ ತಪ್ಪು ಕಡಿಮೆ. ನಡುವೆ ಬಂಕರ್ ಇದ್ದರೆ ಸ್ಯಾಂಡ್ ವೆಜ್. ನೀವು ಹಿಂದಿನ ಬಂಕರ್‌ಗೆ ಬೀಳಿಸಿದ ದಿನ ಕೈಯಲ್ಲಿದ್ದದ್ದು ಪಿಚಿಂಗ್ ವೆಜ್, ಹೊಡೆದದ್ದು ಎದೆಯ ಸ್ವಿಂಗ್. 50ರ ಕೆಲಸಕ್ಕೆ 70ರ ಸಾಮಾನು. ಕ್ಲಬ್ ಬದಲಿಸಿದ್ದರೂ ಸಾಕಿತ್ತು, ಸ್ವಿಂಗ್ ಬದಲಿಸಿದ್ದರೂ ಸಾಕಿತ್ತು.

ನಮ್ಮ ಕಡೆ ಹವಾಮಾನವನ್ನೂ ಸ್ವಲ್ಪ ನೋಡಬೇಕು. ಜುಲೈ, ಆಗಸ್ಟ್‌ನಲ್ಲಿ ಗ್ರೀನ್ ಮೆತ್ತಗಿರುತ್ತದೆ. ಜೇಬಿನ ಹೊಡೆತವೂ ಬಿದ್ದಲ್ಲೇ ಕೂರುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಅದೇ ಹೊಡೆತ ಗಟ್ಟಿ ನೆಲಕ್ಕೆ ಬಿದ್ದು ಹತ್ತು ಹದಿನೈದು ಗಜ ಓಡಬಹುದು. ಸ್ವಿಂಗ್ ಬದಲಿಸಬೇಡಿ, ಬೀಳುವ ಜಾಗ ಬದಲಿಸಿ. ಸಮುದ್ರಮಟ್ಟದ ಲೆಕ್ಕವೂ ಇದೆ. ಬೆಂಗಳೂರು 900 ಮೀಟರಿಗಿಂತ ಮೇಲಿದೆ, ಮೈಸೂರು 750 ಮೀಟರಿಗಿಂತ ಮೇಲೆ. ಗಾಳಿ ತೆಳುವಾದ್ದರಿಂದ ಇಲ್ಲಿ ಪೂರ್ತಿ ಹೊಡೆತಗಳು ಸ್ವಲ್ಪ ದೂರ ಹೋಗುತ್ತವೆ. ಮಂಗಳೂರಿನ ಪಿಲಿಕುಳದಲ್ಲಿ ಆಡಿದರೆ ನಿಮ್ಮ 100 ಗಜ 96, 97ಕ್ಕೆ ಇಳಿಯಬಹುದು. 50 ಗಜದ ಹೊಡೆತಕ್ಕೆ ಇದರ ಚಿಂತೆ ಬೇಡ. ನಿಧಾನವಾಗಿ ಹೋಗುವ ಚೆಂಡಿಗೆ ಗಾಳಿಯ ತಡೆ ಕಡಿಮೆ.

ಈ ಪಟ್ಟಿ ಕೈಯಲ್ಲಿದ್ದರೆ ಆಟದ ಯೋಚನೆಯೇ ಬದಲಾಗುತ್ತದೆ. ಇದಕ್ಕೆ ನನಗೆ ಬಹಳ ಇಷ್ಟವಾದ ಉದಾಹರಣೆ 2007ರ ಮಾಸ್ಟರ್ಸ್. ಅಮೆರಿಕದ ಅಗಸ್ಟಾದಲ್ಲಿ ಆ ವರ್ಷ ಚಳಿ, ಗಾಳಿ. ಅಲ್ಲಿ ಒಂದು ಸುತ್ತಿಗೆ ನಾಲ್ಕು ಪಾರ್-5 ಹೋಲ್, ಅಂದರೆ ಐದು ಹೊಡೆತಕ್ಕೆ ಮುಗಿಸಬೇಕು ಅಂತ ಲೆಕ್ಕ ಇರುವ ಉದ್ದದ ಹೋಲ್. ನಾಲ್ಕು ದಿನಕ್ಕೆ 16. ಉದ್ದ ಹೊಡೆಯುವವರು ಎರಡೇ ಹೊಡೆತಕ್ಕೆ ಗ್ರೀನ್ ಮುಟ್ಟಲು ನೋಡುತ್ತಿದ್ದರು. ಅಮೆರಿಕದ ಆಟಗಾರ ಜ್ಯಾಕ್ ಜಾನ್ಸನ್ ಉದ್ದ ಹೊಡೆಯುವವರಲ್ಲ. ಅವರು 16ರಲ್ಲಿ ಒಂದು ಸಲವೂ ಹಾಗೆ ಪ್ರಯತ್ನಿಸಲಿಲ್ಲ. ಎರಡನೇ ಹೊಡೆತವನ್ನು ಬೇಕೆಂದೇ ಗ್ರೀನ್ ತಲುಪುವ ಮೊದಲೇ ನಿಲ್ಲಿಸಿದರು. ತಮ್ಮ ವೆಜ್‌ಗೆ ಹೊಂದುವ ದೂರ ಉಳಿಸಿಕೊಂಡು ಮೂರನೆಯದನ್ನು ಆಡಿದರು. ಆ 16 ಹೋಲ್‌ಗಳಲ್ಲಿ ಒಟ್ಟು 11 ಅಂಡರ್ ಪಾರ್, ಅಂದರೆ ಲೆಕ್ಕಕ್ಕಿಂತ 11 ಹೊಡೆತ ಕಡಿಮೆ. ಟೈಗರ್ ವುಡ್ಸ್ ಅವರಿಗಿಂತ ಎರಡು ಹೊಡೆತ ಮುಂದಿದ್ದು ಗೆದ್ದರು.

ಇದು ನಿಮಗೂ ಅನ್ವಯಿಸುತ್ತದೆ. ನಿಮ್ಮ ಪಟ್ಟಿಯಲ್ಲಿ 72 ಇದೆ, 52 ಇದೆ, 62 ಇಲ್ಲ ಅಂದುಕೊಳ್ಳಿ. ಆಗ ದೂರದಿಂದ ಹೊಡೆಯುವ ಫೇರ್‌ವೇ ವುಡ್ (ಉದ್ದ ಹೊಡೆತದ ಕ್ಲಬ್) ಹೊಡೆತವನ್ನು ‘ಎಷ್ಟು ಹೋಗುತ್ತೋ ಹೋಗಲಿ’ ಅಂತ ಬೀಸಬೇಡಿ. 72 ಉಳಿಯುವ ಹಾಗೆ ಒಂದು ಐರನ್ ಹೊಡೆಯಿರಿ. ನಮ್ಮ ಬೆಂಗಳೂರಿನ ಅದಿತಿ ಅಶೋಕ್ ಅವರ ಆಟ ನೋಡಿದವರಿಗೂ ಇದು ಗೊತ್ತು. 2021ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಅವರ ಡ್ರೈವ್ (ಹೋಲ್‌ನ ಮೊದಲ ಉದ್ದ ಹೊಡೆತ) ಉಳಿದವರಿಗಿಂತ ಎಷ್ಟೋ ಹಿಂದೆ ಬೀಳುತ್ತಿತ್ತು. ಆದರೂ ಕೊನೆಯ ಹೋಲ್‌ವರೆಗೂ ಪದಕದ ಪೈಪೋಟಿಯಲ್ಲಿದ್ದರು. 15 ಅಂಡರ್ ಪಾರ್ ಮಾಡಿ ಒಂದೇ ಒಂದು ಹೊಡೆತದಲ್ಲಿ ಪದಕ ತಪ್ಪಿ ನಾಲ್ಕನೆಯವರಾದರು. ಅವರನ್ನು ಅಲ್ಲಿಯವರೆಗೆ ತಂದದ್ದು ಗ್ರೀನ್‌ನ ಹತ್ತಿರದ ಆಟ ಮತ್ತು ಗ್ರೀನ್ ಮೇಲೆ ಚೆಂಡನ್ನು ಗುಳಿಗೆ ಉರುಳಿಸುವ ಪಟ್. ಆ ಶನಿವಾರ ಬೆಳಿಗ್ಗೆ ಗಾಲ್ಫ್ ಗೊತ್ತಿಲ್ಲದವರೂ ಟಿವಿ ಮುಂದೆ ಕೂತಿದ್ದರು. ನೆನೆಸಿಕೊಂಡರೆ ಈಗಲೂ ಮೈ ಜುಮ್ಮೆನ್ನುತ್ತದೆ.

ಡ್ರೈವಿಂಗ್ ರೇಂಜ್ (ಅಭ್ಯಾಸಕ್ಕೆ ಹೊಡೆಯುವ ಮೈದಾನ) ಬಗ್ಗೆ ಒಂದು ಮಾತು. ನೀವು ಮ್ಯಾಟ್ ಮೇಲೆ ಅಭ್ಯಾಸ ಮಾಡುತ್ತಿದ್ದರೆ ಅದು ನಿಮ್ಮ ತಪ್ಪನ್ನು ಮುಚ್ಚಿಡುತ್ತದೆ. ಕ್ಲಬ್ ಚೆಂಡಿಗಿಂತ ಎರಡು ಇಂಚು ಹಿಂದೆ ಬಿದ್ದರೂ ಮ್ಯಾಟ್ ಮೇಲೆ ಜಾರಿ ಚೆಂಡಿಗೆ ತಾಗುತ್ತದೆ. ಹೊಡೆತ ಸರಿಯಿದೆ ಅನ್ನಿಸುತ್ತದೆ. ಹುಲ್ಲಿನ ಮೇಲೆ ಅದೇ ಸ್ವಿಂಗ್ ಮಣ್ಣು ಕಿತ್ತು ಅಲ್ಲೇ ನಿಲ್ಲುತ್ತದೆ. ಮ್ಯಾಟ್ ಬಿಟ್ಟರೆ ಗತಿಯಿಲ್ಲ ಅಂದರೆ ಚೆಂಡಿನ ಒಂದು ಗೇಣು ಹಿಂದೆ ಮಡಚಿದ ಕರವಸ್ತ್ರ ಇಟ್ಟು ಹೊಡೆಯಿರಿ. ಕರವಸ್ತ್ರ ಅಲುಗಿದರೆ ಆ ಹೊಡೆತ ಲೆಕ್ಕಕ್ಕಿಲ್ಲ. ಹಳೆಯ ರೇಂಜ್ ಚೆಂಡುಗಳು ಕಡಿಮೆ ದೂರ ಹೋಗುತ್ತವೆ, ಹಾಗಾಗಿ ಅಲ್ಲಿಯ ದೂರವನ್ನು ಪಟ್ಟಿಗೆ ಸೇರಿಸಬೇಡಿ. ಅಲ್ಲಿ ಉದ್ದ ಮತ್ತು ಲಯ ಮಾತ್ರ ಕಲಿಯಿರಿ.

ಬಂಕರ್ ಮತ್ತು ಎತ್ತರದ ಹುಲ್ಲಿಗೆ ಈ ಪಟ್ಟಿ ನಡೆಯುವುದಿಲ್ಲ. ಗ್ರೀನ್ ಪಕ್ಕದ ಬಂಕರ್‌ನಲ್ಲಿ ಕ್ಲಬ್ ಮರಳನ್ನು ಹೊಡೆಯುತ್ತದೆ, ಮರಳು ಚೆಂಡನ್ನು ಎತ್ತುತ್ತದೆ. ಅಲ್ಲಿ ಎದೆಯ ಸ್ವಿಂಗ್‌ಗೆ ಚೆಂಡು ಮೂರನೇ ಒಂದು ಪಾಲು ದೂರ ಹೋದರೂ ಸರಿಯೇ. ಅದನ್ನು ಬೇರೆಯಾಗಿಯೇ ಕಲಿಯಬೇಕು.

ಮುಂದಿನ ಎರಡು ವಾರ ಹೀಗೆ ಮಾಡಿ. ಮೊದಲ ವಾರ ದೂರ ನೋಡಲೇಬೇಡಿ. ಸ್ಯಾಂಡ್ ವೆಜ್ ಹಿಡಿದು ಜೇಬು, ಎದೆ, ಕಿವಿ, ಮತ್ತೆ ಎದೆ, ಜೇಬು ಅಂತ ಏಣಿ ಹತ್ತಿ ಇಳಿದ ಹಾಗೆ ಹೊಡೆಯಿರಿ. ಪ್ರತಿ ಹೊಡೆತದ ಕೊನೆಗೂ ಕೈ ಎಲ್ಲಿ ನಿಂತಿತೋ ಅಲ್ಲೇ ಎರಡು ಸೆಕೆಂಡು ಹಿಡಿದು ನಿಲ್ಲಿ. ನಿಲ್ಲಲು ಆಗದಿದ್ದರೆ ಬಲ ಜಾಸ್ತಿ ಆಗಿದೆ. ಎರಡನೇ ವಾರ ಗೆಳೆಯರೊಬ್ಬರು ಹಿಂದಿನಿಂದ ‘ಎದೆ’, ‘ಜೇಬು’ ಅಂತ ಮನಸ್ಸಿಗೆ ಬಂದದ್ದು ಕೂಗಲಿ, ನೀವು ಅದನ್ನೇ ಹೊಡೆಯಿರಿ. ಆಮೇಲೆ ಒಂದು ಬೆಳಿಗ್ಗೆ ಆ 60 ಚೆಂಡಿನ ಲೆಕ್ಕ ಮಾಡಿ. ಆರು ಸಂಖ್ಯೆ ಬರೆದ ಚೀಟಿ ಸ್ಕೋರ್‌ಕಾರ್ಡ್ ಜೊತೆ ಜೇಬಿನಲ್ಲಿರಲಿ. ನನಗೂ ಆ ಆರು ಸಂಖ್ಯೆ ಬರೆದು ಕಳಿಸಿ, ಜೊತೆಗೆ ಎದೆಯ ಸ್ವಿಂಗ್‌ನ ಒಂದು ವಿಡಿಯೋ. ಎದೆಯದಕ್ಕೂ ಕಿವಿಯದಕ್ಕೂ ನಡುವೆ ಹತ್ತು ಗಜಕ್ಕಿಂತ ಕಡಿಮೆ ಅಂತರ ಬಂದಿದ್ದರೆ ನಿಮ್ಮ ಎದೆಯ ಸ್ವಿಂಗ್ ಇನ್ನೂ ಮೇಲಕ್ಕೆ ಹೋಗುತ್ತಿದೆ ಅಂತಲೇ ನನ್ನ ಅನುಮಾನ. ವಿಡಿಯೋ ನೋಡಿ ಹೇಳುತ್ತೇನೆ.